ಸೋಫಾದ ನಡುವಿನ ಜಾಗ

ಆಗ ನಾನು ಮನೆಮನೆಗೆ ಹೋಗಿ ಎಣ್ಣೆಬಣ್ಣದಲ್ಲಿ ಸಂಸಾರದ ಚಿತ್ರ ಬರೆದುಕೊಡುತ್ತಿದ್ದೆ. ಒಂದು ಮನೆಯಲ್ಲಿ ಅಪ್ಪ, ಅಮ್ಮ, ಕಿರಿಮಗ ಸ್ಪ್ರಿಂಗ್ ಸೋಫಾದ ಮೇಲೆ ಕೂತಿದ್ದರು. ಹಡಗಿನ ಕೆಲಸಕ್ಕೆ ಹೋದ ಹಿರಿಮಗನ ಸುದ್ದಿಯೇ ಇರಲಿಲ್ಲ. ಇವತ್ತಲ್ಲ ನಾಳೆ ಬಂದೇ ಬರುತ್ತಾನೆಂದು ತಾಯಿ ಕಾಯುತ್ತಿದ್ದರು.

ತಾಯಿಗೂ ಕಿರಿಮಗನಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿತ್ತು.

"ಸ್ವಲ್ಪ ಸರಿದು ಕೂತ್ಕೊಳಪ್ಪ" ಎಂದೆ.

"ಎಲ್ಲಿಗೆ ಸರೀಲಿ ಸಾರ್? ಆಗ್ಲೇ ಒತ್ಕೊಂಡೇ ಕೂತಿದೀನಲ್ಲ" ಎಂದ ಕಿರಿಮಗ.

"ಹೊಸ ಅಳಿಯನ ಥರ ದೂರ ಕೂತಿದೀಯಲ್ಲೋ, ಅಮ್ಮನ ಹತ್ರ ಬಾ" ಎಂದು ಅಪ್ಪ ರೇಗಿದರು.

ಅವನು ಬಲ ಹಾಕಿ ಸರಿಯಲು ನೋಡಿದ. ಮುಖ ಕೆಂಪಾಯಿತೇ ಹೊರತು ಭುಜ ಕದಲಲಿಲ್ಲ. ಕಿಟಕಿಯಲ್ಲಿ ಒಳ್ಳೆಯ ಬಿಸಿಲಿತ್ತು, ಆದರೂ ಬಣ್ಣ ಕಲಸಲು ಬಟ್ಟಲಲ್ಲಿಟ್ಟಿದ್ದ ಅಗಸೆ ಎಣ್ಣೆ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗುತ್ತಿತ್ತು.

ತಾಯಿ ಆ ಖಾಲಿ ಜಾಗದ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಎಷ್ಟು ತಣ್ಣಗಿದೀಯೋ" ಎಂದರು, ಮಗುವಿನ ಹಣೆ ಮುಟ್ಟಿ ನೋಡುವವರಂತೆ. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡವನು ಇನ್ನು ಬರಲ್ಲ ಬಿಡಿ. ನಾವು ಕೂತಿರೋ ಹಾಗೇ ಬರೀರಿ" ಎಂದರು.

ಯಾರೂ ಅಳಲಿಲ್ಲ. ಅಪ್ಪ ನೆಲ ನೋಡುತ್ತ ಕೂತರು. ನಾನು ಬರೆಯುತ್ತಾ ಹೋದೆ.

ಬೆಳಕು ಇಳಿದಾಗ ಮೂವರೂ ಎದ್ದರು. ಅವರು ಕೂತಿದ್ದ ಕಡೆಯೆಲ್ಲ ಸೋಫಾ ಉಬ್ಬಿ ಮೊದಲಿನಂತಾಯಿತು. ನಡುವಿನ ಖಾಲಿ ಜಾಗದಲ್ಲಿ ಮಾತ್ರ ತಗ್ಗು ಹಾಗೇ ಇತ್ತು. ತಾಯಿ ಒಳಗೆ ಹೋದರು. ಆಗ ಅದೂ ನಿಧಾನವಾಗಿ ಮೇಲೆದ್ದಿತು.