ಪಕ್ಕದ ಸೀಟಿನ ಮೊಳೆ

“ತಗೊಂಡು ಹೋಗು ಡಾಕ್ಟ್ರೇ, ಬೇಡ ಅನ್ನಲ್ಲ. ಆದ್ರೆ ಪೂರ್ತಿ ಮಾಡ್ಬೇಡ. ಒಂದು ದೀಪ ಉರೀದೆ ಇರ್ಲಿ, ಒಂದು ಬಾಗ್ಲು ಕಿರುಗುಟ್ಲಿ. ಏನಾದ್ರೂ ಒಂದು ಕೆಲ್ಸ ಹಾಗೇ ಬಿಟ್ಟಿರು.”

ಯಾಯ್ ಚೆಮ್, ಅಂದರೆ ಚೆಮ್ ಅಜ್ಜಿ, ಇದನ್ನು ಹೇಳುವಾಗ ಚಲಿತ್ ಮುದುಕಿಯ ಮುಖವನ್ನೂ ನೋಡಲಿಲ್ಲ. ಅವನ ಕಣ್ಣು ತಗಡಿನ ಶೆಡ್ಡಿನ ಕತ್ತಲೊಳಗೆ ಬಿಚ್ಚಿ ಹರಡಿದ್ದ ಕಾರಿನ ಮೇಲಿತ್ತು. ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ಜಪಾನಿ ಕಾರು. ಉಪ್ಪಿನ ಆಗರದ ಗಾಳಿ ಅದರ ತಳವನ್ನು ತಿಂದುಹಾಕಿತ್ತು. ಶೆಡ್ಡಿನ ತುಂಬ ತುಕ್ಕು, ಬಾವಲಿ ಹಿಕ್ಕೆ, ಹಳಸಿದ ಎಣ್ಣೆಯ ವಾಸನೆ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದರು, ಇವನು ದೇವಸ್ಥಾನದೊಳಗೆ ನಿಂತವನ ಹಾಗೆ ನಿಂತುಬಿಟ್ಟಿದ್ದ.

ಹಲ್ಲಿನ ಡಾಕ್ಟರು ಅವನು. ಬ್ಯಾಂಕಾಕಿನಿಂದ ನಮ್ಮ ಬಾನ್ ಲೇಮ್‌ಗೆ ಬಂದು ಕ್ಲಿನಿಕ್ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ವಿಪಾ, ಮಗಳು ಬೈತೊಯ್ ಇಬ್ಬರೂ ಮಗುವಿನ ಶಾಲೆಗೆಂದು ಬ್ಯಾಂಕಾಕಿನಲ್ಲೇ ಉಳಿದಿದ್ದರು, ರಜೆ ಸಿಕ್ಕಾಗ ವ್ಯಾನು ಹತ್ತಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಅವನು, ದಮ್ ಎಂಬ ಒಂದು ಕರಿ ನಾಯಿ, ಅಷ್ಟೇ.

“ಯಾಕೆ ಯಾಯ್, ಪೂರ್ತಿ ಮಾಡಿದ್ರೆ ಏನಾಗತ್ತೆ?” ಎಂದ, ಬಾಗಿಲಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ.

“ಮನೆಯೋರು ಮರೀತಾರೆ. ಮಾಟ ಮಾಡ್ಸಿದ್ದು ನಾನೇ. ಕಟ್ಕೊಂಡೋನು ನನ್ನ ಒಂದಿನಾನೂ ಇದ್ರಲ್ಲಿ ಕೂರಿಸ್ಕೊಂಡು ಹೋಗ್ಲಿಲ್ವಂತೆ. ಇನ್ನೂ ಮುಗ್ದಿಲ್ಲ, ಇನ್ನೂ ಮುಗ್ದಿಲ್ಲ ಅಂತ ಇದರ ಹೊಟ್ಟೆ ಕೆಳಗೇ ಬಿದ್ದಿರ್ತಿದ್ದನಂತೆ. ಇದನ್ನ ಪೂರ್ತಿ ಮಾಡ್ದೋನ್ನ ಅವನ ಮನೆಯೋರೇ ಮರೀಲಿ ಅಂತ ಮಾಡಿಸ್ದೆ.”

“ಮಾಡ್ಸಿದ್ದು ನೀವೇ, ಮತ್ತೆ ಅಂತೆ ಅಂತೆ ಅಂತೀರಲ್ಲ?”

“ಮಾಡ್ಸಿದ್ದು ನೆನಪಿದೆ. ಯಾರ ಮೇಲೆ ಅನ್ನೋದೇ ನೆನಪಿಲ್ಲ. ಗೋಡೆ ಮೇಲೆ ಫೋಟೋ ಇದೆ, ಯಾರೋ ಗಂಡ್ಸು. ಅದೇ ನಿನ್ನ ಗಂಡ ಅಂತ ಊರೋರು ಹೇಳ್ತಾರೆ. ಮಾಟ ಮಾಡ್ದೋನೂ ಸತ್ತ. ಬಿಡ್ಸೋರು ಯಾರೂ ಉಳ್ದಿಲ್ಲ.”

ಚಲಿತ್ ಜೋರಾಗಿ ನಕ್ಕ. “ವಯಸ್ಸಾದ್ಮೇಲೆ ಎಲ್ರಿಗೂ ಮರೆವು ಬರತ್ತೆ ಯಾಯ್, ಅದಕ್ಕೆ ಮಂತ್ರವಾದಿ ಯಾಕೆ? ನನ್ನ ಹೆಂಡ್ತಿ ಎರಡು ದಿನ ನನ್ನ ಮರೆತ್ರೆ ನಾನು ಹರಕೆ ಹೊತ್ಕೋತೀನಿ.”

ಮುದುಕಿ ನಗಲಿಲ್ಲ. ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, ಸೊಂಟಕ್ಕೆ ಸುತ್ತಿಕೊಂಡಿದ್ದ ಪಂಚೆಗೆ ಕೈ ಒರೆಸಿಕೊಂಡಳು.

ಕಾರನ್ನು ತನ್ನ ಮನೆಯಂಗಳದ ತಗಡಿನ ಶೆಡ್ಡಿಗೆ ಸಾಗಿಸಿಕೊಂಡ ಮೇಲೆ ಅವನ ಬದುಕು ಅದರ ಸುತ್ತಲೇ ತಿರುಗಿತು. ಹಗಲು ಊರಿನವರ ಹಲ್ಲು, ಸಂಜೆ ಕಾರಿನ ತುಕ್ಕು. ಎರಡೂ ಒಂದೇ ಎನ್ನುತ್ತಿದ್ದ: ಕೊಳೆತದ್ದನ್ನು ಕೊನೆಯವರೆಗೂ ಕೆರೆದು ತೆಗೆಯಬೇಕು, ಚೂರು ಉಳಿಸಿದರೂ ಒಳಗೊಳಗೇ ಹರಡುತ್ತದೆ. ಬೇರೆ ಕಾರಿನ ಭಾಗ ಹಾಕಿದರೆ ಬೇಗ ಆಗುತ್ತಿತ್ತು. ಅವನು ಒಪ್ಪುವವನಲ್ಲ. ಹಳೆಯ ಬೋಲ್ಟನ್ನೇ ತೊಳೆದು, ಉಜ್ಜಿ, ಅದರ ಹಳೆಯ ತೂತಿಗೇ ಕೂರಿಸಬೇಕು. ಕಾರಿನ ಜೊತೆ ಬಂದದ್ದು ಕಾರಿಗೇ ವಾಪಸು ಹೋಗಬೇಕು. ಈ ಹಳೆ ಕಾರಿನ ಹುಚ್ಚರಿಗೆಲ್ಲ ಇದೇ ವ್ರತ. ಯಾರಾದರೂ ಬಂದು “ಇದು ಆ ಕಾಲದ್ದೇನಾ?” ಎಂದು ಕೇಳಿದಾಗ “ಹೌದು” ಎನ್ನಬೇಕು, ಅಷ್ಟಕ್ಕೇ ಜೀವ ತೇಯುತ್ತಾರೆ.

ಸುಖ ಇರಲಿಲ್ಲ ಎಂದರೆ ಸುಳ್ಳು. ಹಿಡಿದುಹೋಗಿದ್ದ ಒಂದು ನಟ್ಟು ಎಣ್ಣೆ ಕುಡಿದು, ಬಿಸಿ ತಿಂದು, ಕೊನೆಗೊಮ್ಮೆ ‘ಟಕ್’ ಎಂದು ಸಡಿಲವಾದಾಗ ಅವನ ಮೈಯೆಲ್ಲ ಹಗುರವಾಗುತ್ತಿತ್ತು. ಅದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಪೊಟ್ಟಣದ ಅನ್ನ, ಹುರಿದ ಮೀನು ಬಿಚ್ಚಿಕೊಂಡು, ಕಾರಿನ ಪಕ್ಕದಲ್ಲೇ ಕುಳಿತು, ನಾಯಿಗೆ ಹೇಳುತ್ತ ಉಣ್ಣುತ್ತಿದ್ದ.

ಬೈತೊಯ್ ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. “ಅಪ್ಪ, ನನ್ನ ಸೀಟು ರೆಡಿನಾ?”

ಪಕ್ಕದ ಸೀಟು ಅವಳದು. ಕಾರು ಮುಗಿದ ದಿನ ಅವಳನ್ನು ಕೂರಿಸಿಕೊಂಡು ಸಮುದ್ರದವರೆಗೆ ಹೋಗುತ್ತೇನೆಂದು ಮಾತು ಕೊಟ್ಟಿದ್ದ.

“ಹೊಲಿಗೆ ಒಂದು ಬಾಕಿ ಪುಟ್ಟಿ.”

“ನೀನು ಯಾವಾಗ್ಲೂ ಬಾಕಿ ಅಂತೀಯ. ಬರೀ ಬುರುಡೆ.”

ಒಂದು ದಿನ ಹೀಗೇ ಮಾತಾದ ಮೇಲೆ ವಿಪಾ ಫೋನು ತೆಗೆದುಕೊಂಡಳು. ನಮ್ಮ ಕಡೆ ಹೆಂಡತಿಯರು ಗಂಡನನ್ನು ಕರೆಯುವಂತೆ ಅವಳು ಅವನನ್ನು ‘ಪೀ’ ಎನ್ನುತ್ತಿದ್ದಳು. “ಪೀ, ಅಪ್ಪಂದಿರ ದಿನಕ್ಕೆ ಬರ್ತೀವಿ. ಆವತ್ತೂ ನೀವು ಕಾರಿನ ಕೆಳಗೇ ಇದ್ರೆ ನಾವು ಇನ್ಮೇಲೆ ಬರಲ್ಲ. ನಂಗೆ ಜಗಳ ಆಡೋಕೂ ತ್ರಾಣ ಇಲ್ಲ. ಮಗೂಗೆ ಕಾದೂ ಕಾದೂ ಸಾಕಾಗಿದೆ.”

ಇದು ಬೆದರಿಕೆಯಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅಂದಿನಿಂದ ಊಟ ನಿದ್ದೆ ಬಿಟ್ಟು ಕೆಲಸಕ್ಕೆ ಬಿದ್ದ. ಮಗಳಿಗಾಗಿ ಎಂದು ತನಗೆ ತಾನೇ ಹೇಳಿಕೊಂಡ.

ಪಕ್ಕದ ಸೀಟಿನ ಕೊಳೆತ ಹತ್ತಿ ಕಿತ್ತಾಗ ಚೌಕಟ್ಟಿನ ತಳದಲ್ಲಿ ಒಂದು ಮೊಳೆ ಸಿಕ್ಕಿತು. ಗೇಣುದ್ದ, ಚೌಕಾಕಾರ, ಕುಲುಮೆಯಲ್ಲಿ ಬಡಿದು ಮಾಡಿದ್ದು. ಮೈತುಂಬ ಕರಿ ದಾರ ಸುತ್ತಿತ್ತು. ಕೈಗೆ ತೆಗೆದುಕೊಂಡ ಕೂಡಲೇ ಹೆಣವಿಟ್ಟ ಮನೆಯ ಊದುಬತ್ತಿಯ ವಾಸನೆ ಗಪ್ಪನೆ ಹೊಡೆಯಿತು. ಮಾಟಕ್ಕೆಂದು ಶವಪೆಟ್ಟಿಗೆಯಿಂದ ಕಿತ್ತ ಮೊಳೆ ಹೇಗಿರುತ್ತದೆಂದು ನಮ್ಮೂರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅವನು ಯಾರನ್ನೂ ಕೇಳಲಿಲ್ಲ. ದಾರ ಬಿಚ್ಚಿ ಎಸೆದ, ಮೊಳೆಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಫಳಫಳ ಹೊಳೆಯುವಂತೆ ಉಜ್ಜಿ, ಡಬ್ಬಿಯಲ್ಲಿಟ್ಟ. ಕಾರಿನ ಜೊತೆ ಬಂದದ್ದಲ್ಲವೇ?

ಇಂಜಿನ್ ಮೊದಲ ಬಾರಿಗೆ ಉಸಿರೆಳೆದ ದಿನ ಅವನು ಅತ್ತುಬಿಟ್ಟ. ಕಣ್ಣೊರೆಸಿಕೊಂಡು ತಿರುಗಿದರೆ ದಮ್ ಬಾಗಿಲಲ್ಲಿ ನಿಂತು ಅವನನ್ನೇ ನೋಡಿ ಹಲ್ಲು ಕಿರಿದು ಗುರುಗುಟ್ಟುತ್ತಿತ್ತು. ಹೆಸರು ಹಿಡಿದು ಕರೆದ. ನಾಯಿ ಬೆನ್ನ ಮೇಲಿನ ಕೂದಲು ಸೆಟೆಸಿಕೊಂಡು ಹಿಂದೆ ಹಿಂದೆ ಸರಿದು, ಬೇಲಿ ನುಸುಳಿ ಆಗರದ ಕಡೆ ಓಡಿಹೋಯಿತು. ಪೆಟ್ರೋಲಿನ ವಾಸನೆಗೆ ಹೀಗಾಡಿತು ಎಂದುಕೊಂಡ. ಅದು ವಾಪಸು ಬರಲಿಲ್ಲ.

ಕಾರಿಗೆ ಹೊಡೆದ ಮಾವಿನ ಹಣ್ಣಿನ ಹಳದಿ ಬಣ್ಣ ಒಣಗಿ ಹೊಳಪು ಬಂದ ದಿನ ವಿಪಾಗೆ ಫೋನು ಮಾಡಿದ.

“ಯಾರು ಬೇಕಿತ್ತು?” ಎಂದಳು.

“ನಾನು ಕಣೇ.”

“ನಾನು ಅಂದ್ರೆ ಯಾರು?” ಎಂದಳು. ಮರುಕ್ಷಣವೇ, “ಅಯ್ಯೋ, ಪೀ. ಏನೋ ಯೋಚ್ನೇಲಿದ್ದೆ.” ಆಮೇಲೆ ನಕ್ಕಳು. ಅವನೂ ನಕ್ಕ. ಫೋನು ಇಟ್ಟ ಮೇಲೆ ಮುದುಕಿಯ ಮಾತು ನೆನಪಾಗಿ, ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಡಿಸೆಂಬರಿನ ಆ ಅಪ್ಪಂದಿರ ದಿನ ಬೆಳಗ್ಗೆಯೇ ಸಮುದ್ರದ ಕಡೆಯಿಂದ ಅಕಾಲದ ಮೋಡ ಕವಿದು ಶೆಡ್ಡಿನೊಳಗೆ ದೀಪ ಹಾಕಬೇಕಾಯಿತು. ಎಲ್ಲ ಮುಗಿದಿತ್ತು. ದೀಪಗಳೆಲ್ಲ ಉರಿಯುತ್ತಿದ್ದವು, ಬಾಗಿಲು ಬೆಣ್ಣೆಯಂತೆ ಮುಚ್ಚುತ್ತಿತ್ತು. ಡಬ್ಬಿಯ ತಳದಲ್ಲಿ ಆ ಮೊಳೆಯೊಂದು ಉಳಿದಿತ್ತು, ಪಕ್ಕದ ಸೀಟಿನ ತಳದಲ್ಲಿ ಅದರ ತೂತೊಂದು ಖಾಲಿಯಿತ್ತು. ಅದಿಲ್ಲದೆಯೂ ಸೀಟು ಗಟ್ಟಿಯಾಗೇ ಇತ್ತು. ಬಿಡಬಹುದಿತ್ತು. ಬಿಟ್ಟಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಆದರೆ ಖಾಲಿ ತೂತು ಕಂಡು ಸುಮ್ಮನಿರುವ ಜಾತಿಯೇ ಅಲ್ಲ ಅವನದು. ಬಗ್ಗಿ, ಮೊಳೆಯಿಟ್ಟು, ಸುತ್ತಿಗೆಯಿಂದ ಹೊಡೆದ.

ತೂತೇ ಒಳಗೆಳೆದುಕೊಂಡ ಹಾಗೆ ಮೊಳೆ ಹೋಯಿತು.

ಆಗರದ ಗಾಳಿ ನಿಂತಿತು. ತಗಡಿನ ಕಟಕಟ ನಿಂತಿತು. ಊದುಬತ್ತಿಯ ವಾಸನೆ ಗಂಟಲಿಗೇ ಇಳಿಯಿತು.

ಇಂಜಿನ್ ಚಾಲೂ ಮಾಡಿ ಹಿತವಾಗಿ ಬಿಸಿಯಾಗಲು ಬಿಟ್ಟ. ಅಷ್ಟರಲ್ಲಿ ಗೇಟಿನ ಬಳಿ ವ್ಯಾನು ನಿಂತ ಸದ್ದಾಯಿತು. ಕೈ ಒರೆಸಿಕೊಳ್ಳುತ್ತ ಓಡಿದ. ವಿಪಾ ಗೇಟಿನ ಆಚೆ ನಿಂತಿದ್ದಳು. ಕೈಯಲ್ಲಿ ಮನೆಯ ಬೀಗದ ಕೈ ಹಿಡಿದು ಅದನ್ನೇ ನೋಡುತ್ತಿದ್ದಳು.

“ಸಾರ್, ತಪ್ಪು ತಿಳ್ಕೋಬೇಡಿ,” ಎಂದಳು. “ಇದು ಯಾರ ಮನೆ? ಈ ಕೀ ನನ್ನ ಹತ್ರ ಯಾಕಿದೆ ಅಂತ ಗೊತ್ತಾಗ್ತಿಲ್ಲ.”

“ವಿಪಾ, ತಮಾಷೆ ಸಾಕು.”

ತನ್ನ ಹೆಸರು ಕೇಳಿ ಅವಳು ಬೆಚ್ಚಿ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ಬೈತೊಯ್ ಮಾತ್ರ ಅಮ್ಮನ ತೋಳಿನ ಕೆಳಗಿಂದ ಇಣುಕಿ, ಹುಬ್ಬು ಗಂಟಿಕ್ಕಿ, ಮರೆತ ಪಾಠ ನೆನಪಿಸಿಕೊಳ್ಳುವವಳ ಹಾಗೆ ಅವನನ್ನು ದಿಟ್ಟಿಸಿದಳು. “ಅಪ್ಪ?” ಎಂದಳು. “ಅಪ್ಪ ಅಲ್ವಾ?”

ಚಲಿತ್ ಶೆಡ್ಡಿಗೆ ಓಡಿದ. ಯಾಯ್ ಚೆಮ್‌ಗೆ ಫೋನು ಮಾಡಿದ. ಮುದುಕಿ ಏನಾಯಿತೆಂದು ಕೇಳಲೂ ಇಲ್ಲ.

“ಯಾರಾದ್ರೂ ಒಬ್ರಿಗೆ ಇನ್ನೂ ನಿನ್ನ ಗುರುತಿದ್ಯಾ?”

“ಮಗಳಿಗೆ. ಸ್ವಲ್ಪ.”

“ಹಾಗಿದ್ರೆ ಕೊನೇಲಿ ಹಾಕಿದ್ದನ್ನ ಈಗ್ಲೇ ಕೀಳು. ಈಗ್ಲೇ. ನನ್ನ ಕಟ್ಕೊಂಡೋನೂ ಬಿಚ್ಚಿದ್ನಂತೆ, ಆದ್ರೆ ಮೊದ್ಲು ಊರೆಲ್ಲ ಒಂದು ಸುತ್ತು ಹೊಡ್ಕೊಂಡು ಬಂದ್ನಂತೆ. ಬರೋ ಹೊತ್ಗೆ, ಯಾರೋ ಬಾಡಿಗೆಗೆ ಇರೋನು ಅನ್ಕೊಂಡು ನಾನು ಅವನಿಗೆ ಅನ್ನ ಬಡಿಸ್ದೆನಂತೆ.”

ಇಕ್ಕಳ ಹಿಡಿದು ಸೀಟಿನ ಕೆಳಗೆ ತೂರಿದ. ಮೊಳೆಯ ತಲೆ ಸಿಕ್ಕಿತು. ಎಳೆದ. ಮೊಳೆ ಕೂದಲೆಳೆಯಷ್ಟು ಜಾರಿತು.

“ಅಪ್ಪ!” ಗೇಟಿನಿಂದ ಬೈತೊಯ್ ದನಿ. ಈ ಸಲ ಅನುಮಾನ ಇರಲಿಲ್ಲ.

ಅದೇ ಕ್ಷಣ ಇಂಜಿನ್ ತಡವರಿಸಿತು. ಒಂದು ಸಲ ಕೆಮ್ಮಿತು. ಅಷ್ಟು ನಯವಾಗಿದ್ದ ಸದ್ದು ಒಡೆಯಿತು. ಅವನ ಕೈ ನಿಂತಿತು. ತಾನಾಗಿಯೇ ನಿಂತಿತು. ಹಿಡಿತ ಸಡಿಲಿಸಿದ. ಇಂಜಿನ್ ಮತ್ತೆ ಸರಿಹೋಯಿತು. ಎಂಥ ಸದ್ದು. ಎಷ್ಟು ಸಂಜೆಗಳ ಸದ್ದು. ಇದನ್ನು ಒಮ್ಮೆಯೂ ಓಡಿಸದೆ ಕೊಲ್ಲುವುದೇ? ಒಂದೇ ಸುತ್ತು. ಕಾಲುವೆಯವರೆಗೆ. ಬಂದು ಕೀಳುತ್ತೇನೆ. ಬಂದ ತಕ್ಷಣ.

ಇಕ್ಕಳ ಕೆಳಗಿಟ್ಟ.

ಗೇಟು ದಾಟುವಾಗ ಮಗಳ ಕೈ ಗಾಜಿಗೆ ತಾಗಿತು. “ನಾನೂ ಬರ್ತೀನಿ.” ಕೇಳಿಸಿತು. ಕೇಳಿಸದವನಂತೆ ಗೇರು ಹಾಕಿದ.

ಆಗರದ ದಾರಿ ನೇರವಾಗಿ ಬಿದ್ದಿತ್ತು. ಎರಡೂ ಕಡೆ ನೀರು, ನೀರಿನಲ್ಲಿ ಕರಿ ಮೋಡ. ಕಾರು ಹಾರಿತು. ತಿರುವಿನಲ್ಲಿ ಅವನ ಮನಸ್ಸನ್ನು ಮೊದಲೇ ಓದಿದ ಹಾಗೆ ತಿರುಗಿತು. ಬದುಕಿನಲ್ಲಿ ಇಷ್ಟು ಸುಖ ಅವನಿಗೆ ಯಾವತ್ತೂ ಆಗಿರಲಿಲ್ಲ. ಬಾಯಿಬಿಟ್ಟು ನಕ್ಕ. ಪಕ್ಕದಲ್ಲಿ ಸ್ಪ್ರಿಂಗು ಕಿರುಗುಟ್ಟಿತು. ಸೀಟು ತಗ್ಗಿತು. ಯಾರೋ ಕುಳಿತರು. ಅವನು ನೋಡಲಿಲ್ಲ. ಊದುಬತ್ತಿ. ಹಸಿ ಮಣ್ಣು. ಗೇರಿನ ಮೇಲಿದ್ದ ಅವನ ಕೈಯ ಮೇಲೆ ಇನ್ನೊಂದು ಕೈ. ತಣ್ಣಗೆ. ಭಾರವಾಗಿ. ನೋಡಬಾರದು. ಕಾಲುವೆ ಬಂತು. ಕಾಲುವೆ ದಾಟಿತು. ಬ್ರೇಕು ಒತ್ತಲಿಲ್ಲ. ಇನ್ನೊಂದು ತಿರುವು. ಇನ್ನೊಂದೇ.

ಅವನು ವಾಪಸು ಬರುವ ಹೊತ್ತಿಗೆ ಮಳೆ ಹನಿಯುತ್ತಿತ್ತು. ತಾಯಿ ಮಗಳು ರಸ್ತೆ ಬದಿಯಲ್ಲಿ ಬ್ಯಾಂಕಾಕಿನ ವ್ಯಾನಿಗೆ ಕಾಯುತ್ತಿದ್ದರು. ವಿಪಾ ಬೇರೆ ಕಡೆ ನೋಡುತ್ತಿದ್ದಳು. ಬೈತೊಯ್ ಕೈಯಲ್ಲಿ ಒಂದು ಮಲ್ಲಿಗೆ ಹಾರವಿತ್ತು.

ಕಾರು ನಿಲ್ಲಿಸಿ ಗಾಜು ಇಳಿಸಿದ. “ಪುಟ್ಟಿ,” ಎಂದ.

ಹುಡುಗಿ ದೊಡ್ಡವರನ್ನು ಕಂಡಾಗ ಮಾಡುವ ಹಾಗೆ, ಚೊಕ್ಕವಾಗಿ ಕೈಜೋಡಿಸಿ ತಲೆಬಾಗಿದಳು. ಕಣ್ಣಲ್ಲಿ ಹೆದರಿಕೆಯಿಲ್ಲ, ಪರಿಚಯವೂ ಇಲ್ಲ.

“ಅಂಕಲ್, ಈ ಹಾರ ಯಾರಿಗೆ ತಂದೆ ಅಂತ ಮರ್ತುಹೋಯ್ತು. ಬಾಡಿ ಹೋಗತ್ತೆ. ನಿಮ್ಮ ಕಾರಿಗೆ ಹಾಕ್ಕೊಳ್ಳಿ.” ಹಾರವನ್ನು ಅವನ ಕೈಗೆ ಕೊಟ್ಟು, ಹಳದಿ ಬಣ್ಣದ ಮೇಲೆ ಕಣ್ಣಾಡಿಸಿದಳು. “ತುಂಬಾ ಚೆನ್ನಾಗಿದೆ. ಇದು ಆ ಕಾಲದ್ದೇನಾ?”

“ಹೌದು,” ಎಂದ ಚಲಿತ್. “ಎಲ್ಲಾ ಆ ಕಾಲದ್ದೇ.”

ಹೇಳುವಾಗ ಅವನ ಎದೆ ಹೆಮ್ಮೆಯಿಂದ ಉಬ್ಬಿತು. ವ್ಯಾನು ಬಂತು, ಅವರಿಬ್ಬರೂ ಹತ್ತಿದರು, ಬಾಗಿಲು ಮುಚ್ಚಿತು. ಆಗಲೂ ಅವನ ಮುಖದ ಮೇಲೆ ಆ ನಗು ಇನ್ನೂ ಇತ್ತು.