ರಾಣಿಯ ಎದೆಗೆ ಇಳಿದ ನೀರುಗಂಟಿ

ಬಹಳ ಬಹಳ ಹಿಂದೆ, ಕತ್ತೆಗಳೂ ಜಂಬ ಪಡ್ತಿದ್ದ ಕಾಲದಲ್ಲಿ, ತೊಂಡೆಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ನೀಲಾಂಬೆ ಅಂತ ರಾಣಿ. ಅದೇ ಊರಲ್ಲಿ ಲಗುಮಿ ಅಂತ ನೀರುಗಂಟಿ. ಕೆರೆ ತೂಬು ಎತ್ತಿ ಗದ್ದೆಗೆ ನೀರು ಬಿಡೋದು ಅವಳ ಕೆಲಸ. ಗುರುಕುಲಕ್ಕೆ ಸೇರಿಸಿದ್ರೆ ಮೂರೇ ದಿನಕ್ಕೆ ಗೋಡೆ ಹಾರಿ ಬಂದಿದ್ಳು. ಕಾಯೋದು ಅಂದ್ರೆ ಅವಳಿಗೆ ಮೈಯೆಲ್ಲ ತುರಿಕೆ. ಆದ್ರೆ ಅವಳೂ ರಾಣಿಯೂ ಚಿಕ್ಕವರಿದ್ದಾಗ ಕೆರೆ ಏರಿ ಮೇಲೆ ಕೂತು ಕದ್ದ ಹುಣಸೆಕಾಯಿ ತಿಂದ ಗೆಳತಿಯರು.

ಒಂದು ಬೆಳಿಗ್ಗೆ ಮುಳ್ಳುಗಣ್ಣ ಅನ್ನೋ ಮಾಂತ್ರಿಕ ಅರಮನೆಗೆ ಬಂದ. "ನನ್ನ ಮದುವೆ ಆಗ್ತೀಯೋ, ಪ್ರಾಣ ಬಿಡ್ತೀಯೋ?" ಅಂದ.

"ಮೊದಲು ಸ್ನಾನ ಮಾಡ್ಕೊಂಡು ಬಾ" ಅಂದ್ಳು ರಾಣಿ.

ಮಾಂತ್ರಿಕ ಚಿಟಿಕೆ ಹೊಡೆದ. ರಾಣಿಯ ಎದೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ಮಧ್ಯೆ ನಿಂತುಹೋಯ್ತು. ರಾಣಿ ಕುರ್ಚಿಯಲ್ಲೇ ಒರಗಿದ್ಳು.

"ಮಾಡಿನಿಂದ ಈ ಅರಳಿ ಎಲೆ ಬಿಡ್ತೀನಿ" ಅಂದ ಮಾಂತ್ರಿಕ. "ನೆಲ ಮುಟ್ಟೋದ್ರೊಳಗೆ ಈ ಎದೆ ಒಂದೇ ಒಂದು ಸಲ ಬಡೀಲಿ, ಸೋತೆ ಅಂತೀನಿ. ಇಲ್ಲಾಂದ್ರೆ ರಾಣಿ ಹೆಣ, ರಾಜ್ಯ ನಂದು. ಒಳಗೆ ಹೋಗಿ ಬಡಿಸೋ ದಮ್ಮು ಯಾರಿಗಿದೆ?"

"ನಂಗಿದೆ" ಅಂದ್ಳು, ಸುದ್ದಿ ಕೇಳಿ ಗದ್ದೆಯಿಂದ ಓಡಿ ಬಂದಿದ್ದ ಲಗುಮಿ.

"ನೀನಾ? ಮೊದಲು ಕಾಲಿನ ಕೆಸರು ತೊಳ್ಕೋ!"

ಅವಳನ್ನ ಎಳ್ಳುಕಾಳಷ್ಟು ಮಾಡಿ ರಾಣಿಯ ಮೂಗೊಳಗೆ ಊದಿದ. ಎಲೆ ಬಿಟ್ಟ. ನ್ಯಾಯವಾಗಿ ಆಡೋ ಆಸಾಮಿನೇ ಅಲ್ಲ ಅವನು, ತಾನೂ ಎಳ್ಳಷ್ಟಾಗಿ ಹಿಂದೇನೇ ನುಗ್ಗಿದ.

ಎದೆಯೊಳಗೆ ನಾಲ್ಕು ಕೋಣೆ. ಮೇಲೆ ಎರಡು, ಕೆಳಗೆ ಎರಡು. ಬಲಗಡೆ ಮೈಯೆಲ್ಲ ಸುತ್ತಿ ಸುಸ್ತಾಗಿ ಬಂದ ಕಪ್ಪುಗೆಂಪು ಹೊಳೆ. ಎಡಗಡೆ ಶ್ವಾಸಕೋಶ ಅನ್ನೋ ಗಾಳಿತೋಟದಲ್ಲಿ ಮಿಂದು ಬಂದ ಅಚ್ಚಗೆಂಪು ಹೊಳೆ. ಎರಡೂ ನಿಂತಿದ್ವು.

ಬಲಗಡೆ ಮೇಲಿನ ಕೋಣೆಯ ಸೂರಲ್ಲಿ ಒಬ್ಬ ಕುಳ್ಳ ತಾತ ಕೂತಿದ್ದ. ಮುಂದೆ ತಮಟೆ. ತಮಟೆ ಮೇಲೆ ಒಂದು ಉಡ ಮಲಗಿತ್ತು. ಅದು ಮಾಂತ್ರಿಕನೇ.

"ತಾತ, ಬಾರಿಸು! ರಾಣಿ ಅಪ್ಪಣೆ ಬೇಕಾ?"

"ರಾಣಿ ಹೇಳಿದ್ರೂ ನಾನು ಕೇಳಲ್ಲ ಕಣಮ್ಮ. ನನ್ನ ತಮಟೆ, ನನ್ನಿಷ್ಟ. ಆದ್ರೆ ಈ ದರಿದ್ರದ್ದು ಎದ್ದೇಳ್ತಿಲ್ಲ."

ಲಗುಮಿ ಉಡದ ಬಾಲ ಹಿಡಿದು ಕಚ್ಚಿದ್ಳು. ಅದು ಕಿರುಚಿ ಹಾರಿತು. ತಾತ ಒಂದೇ ಏಟು ಹಾಕಿದ. ತಮಟೆಯಿಂದ ಒಂದು ಕಿಡಿ ಹಾರಿ ಓಡ್ತು. ಮೇಲಿನ ಎರಡೂ ಕೋಣೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ಕೊಂಡ್ವು. ನೀರು ಕೆಳಗಿನ ಕೋಣೆಗಳಿಗೆ ಇಳಿಯೋಕೆ ಶುರುವಾಯ್ತು.

ಮೇಲಕ್ಕೂ ಕೆಳಕ್ಕೂ ನಡುವಿನ ಹೊಸ್ತಿಲಲ್ಲಿ ಒಬ್ಬ ಅಜ್ಜಿ. ಮಾಟಕ್ಕೆ ಅವಳ ಕೈ ಕಲ್ಲಾಗಿತ್ತು.

"ಮಗಾ, ಕಿಡಿ ಇಲ್ಲಿ ಒಂಚೂರು ನಿಲ್ಲಬೇಕು. ಮೇಲಿನ ನೀರು ಪೂರ್ತಿ ಇಳಿದ ಮೇಲೇ ಬಿಡಬೇಕು. ನನ್ನ ಕೈ ಆಗಲ್ಲ, ನೀನೇ ಹಿಡ್ಕೋ."

ಲಗುಮಿ ಕಿಡಿಯನ್ನ ಮುಷ್ಟಿಯಲ್ಲಿ ಹಿಡಿದ್ಳು. ಚರ್ ಅಂತು. ಮಾಂತ್ರಿಕ ಕಾಗೆಯಾಗಿ ಬಂದು ತಲೆ ಮೇಲೆ ಕೂತ.

"ಬಿಡೇ ಪೆದ್ದಿ! ಎಲೆ ಕಿಟಕಿಗಿಂತ ಕೆಳಗಿಳೀತು! ಸಾಯ್ತಾಳೆ ನಿನ್ನ ಗೆಳತಿ!"

ಅಂಗೈ ಸುಡ್ತಿತ್ತು. ಬಿಟ್ಟು ಓಡೋಣ ಅಂತ ಕಾಲು ಕುಣೀತಿತ್ತು.

"ಕೆರೆ ತುಂಬೋಕೆ ಮೊದಲೇ ತೂಬು ಎತ್ತಿದ್ರೆ ಏನೋ ಬರುತ್ತೆ, ನಿನ್ನ ತಲೆ!" ಅಂದ್ಳು ಲಗುಮಿ. ಹಲ್ಲು ಕಚ್ಚಿ ನಿಂತ್ಳು. ಕೊನೆ ಹನಿ ಇಳಿದ ಮೇಲೇ ಮುಷ್ಟಿ ಬಿಚ್ಚಿದ್ಳು.

ಕಿಡಿ ಸರ್ರನೆ ಕೆಳಗಿನ ಕೋಣೆಗಳ ತಳಕ್ಕೆ ಹೋಯ್ತು. ಅದರ ಹಿಂದೆ ಲಗುಮಿ ಎಡಗಡೆ ಕೋಣೆಗೆ ಹಾರಿದ್ಳು. ಬಲಗಡೆ ಕೋಣೆಗಿಂತ ಮೂರು ಪಟ್ಟು ದಪ್ಪ ಗೋಡೆ ಅಲ್ಲಿ. ಮೈಯೆಲ್ಲಕ್ಕೂ ನೀರು ನೂಕೋದು ಅದೇ ತಾನೇ? ಗೋಡೆಗಳು ತಳದಿಂದ ಹಿಂಡೋಕೆ ಶುರು ಮಾಡಿದ್ವು. ಮೇಲಿನ ಬಾಗಿಲು ಮುಚ್ಕೊಂಡ್ತು: ಲಬ್!

ಲಗುಮಿ ಅಭ್ಯಾಸಬಲದಿಂದ ನೀರು ಹೊರಗೆ ಹೋಗೋ ಆಚೆ ಬಾಗಿಲಿಗೆ ಓಡಿ, ತೂಬು ಎತ್ತೋ ಹಾಗೆ ಎಳೆದ್ಳು. ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ.

"ಎಳಿ, ಚೆನ್ನಾಗಿ ಎಳಿ!" ಅಂತ ನಗ್ತಿತ್ತು ಒಂದು ಮೊಸಳೆ. ಮೊಸಳೆಯಾದ ಮಾಂತ್ರಿಕ ಆಗಲೇ ಮೇಲಿನ ಬಾಗಿಲನ್ನ ಗೋಡೆಗೆ ಬಿಗಿದಿದ್ದ ಹಗ್ಗ ಕಡಿದಿದ್ದ. ಬಾಗಿಲು ಹಿಂದಕ್ಕೆ ಮಗುಚ್ತಾ ಇತ್ತು. ಮಗುಚಿದ್ರೆ ನೀರೆಲ್ಲ ವಾಪಸ್ಸು.

ಲಗುಮಿಗೆ ಆಗ ಹೊಳೀತು. ಇಲ್ಲಿ ಬಾಗಿಲು ತೆಗೆಯೋಳು ತಾನಲ್ಲ, ನೀರೇ. ಹಗ್ಗ ಇರೋದು ಬಾಗಿಲು ತೆಗೆಯೋಕಲ್ಲ, ಮಗುಚದ ಹಾಗೆ ಹಿಡಿಯೋಕೆ! ಹಾರಿ ಹಗ್ಗ ಹಿಡಿದ್ಳು. ಸೊಂಟಕ್ಕೆ ಸುತ್ತಿ, ಗೋಡೆಗೆ ಕಾಲು ಕೊಟ್ಟು ನಿಂತ್ಳು. ಬೆನ್ನು ಲಟಕ್ ಅಂತು. ಬಿಡಲಿಲ್ಲ.

ಆಚೆ ಬಾಗಿಲು ತಾನಾಗೇ ತೆರ್ಕೊಂಡ್ತು. ಪಕ್ಕದ ಕೋಣೆಯಿಂದ ಕಪ್ಪುಗೆಂಪು ಹೊಳೆ ಗಾಳಿತೋಟಕ್ಕೆ ನುಗ್ಗಿತು, ಇಲ್ಲಿಂದ ಅಚ್ಚಗೆಂಪು ಹೊಳೆ ಮೈಯೆಲ್ಲ ಸುತ್ತೋ ಹೆದ್ದಾರಿಗೆ. ಎಲ್ಲಕ್ಕಿಂತ ಮುಂದೆ ಮೊಸಳೆ, ತಲೆಕೆಳಗಾಗಿ! ಲಗುಮಿ ಹಗ್ಗಕ್ಕೆ ತೂಬಿನ ಗಂಟು ಬಿಗಿದು ಕೊನೆ ಅಲೆ ಹತ್ತಿದ್ಳು. ವಾಪಸ್ಸು ಬರೋಕೆ ನೋಡಿದ ನೀರಿನ ಮುಖಕ್ಕೇ ಆಚೆ ಬಾಗಿಲು ಹಾಕ್ಕೊಂಡ್ತು: ಡಬ್!

ಎಲೆ ನೆಲಕ್ಕೆ ಇನ್ನೂ ಒಂದು ಗೇಣು ಮೇಲಿತ್ತು. ರಾಣಿ ಕಣ್ಣು ಬಿಟ್ಳು.

ಮಾಂತ್ರಿಕ ರಾಣಿಯ ಕಾಲ್ಬೆರಳ ಬೆವರಲ್ಲಿ ಆಚೆ ಬಿದ್ದ. ಅರಮನೆ ಕೋಳಿ ಎಳ್ಳು ಅಂತ ನುಂಗಿಬಿಡ್ತು. ಮಾಟ ಮುರೀತು. ರಾಣಿಯ ಕಣ್ಣೀರಲ್ಲಿ ಜಾರಿ ಬಂದಿದ್ದ ಲಗುಮಿ ಧುಪ್ಪಂತ ದೊಡ್ಡವಳಾದ್ಳು, ರಾಣಿಯ ತೊಡೆ ಮೇಲೆ.

"ಅಮ್ಮಾ! ಇಳಿಯೇ, ಎಮ್ಮೆ!" ಅಂದ್ಳು ರಾಣಿ. ಆಮೇಲೆ ಸುಟ್ಟ ಅಂಗೈ ನೋಡಿ ಮೆತ್ತಗಾದ್ಳು. "ಲಗುಮಿ, ಎದೆ ಮತ್ತೆ ನಿಂತ್ರೆ?"

ಲಗುಮಿ ಆ ಅಂಗೈಯನ್ನೇ ರಾಣಿಯ ಎದೆ ಮೇಲಿಟ್ಳು.

"ಶ್! ತಾತ ಬಾರಿಸಿಯಾಯ್ತು. ಕಿಡಿ ಈಗ ಅಜ್ಜಿ ಕೈಯಲ್ಲಿದೆ. ಕಾಯಿ."

ಇಬ್ರೂ ಕಾದ್ರು.

ಲಬ್.

ತೊಂಡೆಗಿರಿಯವರು ಆಮೇಲೆ ಉಂಡು, ನಕ್ಕು, ನೂರು ವರ್ಷ ಸುಖವಾಗಿದ್ರು. ಆ ಕೋಳಿ ಒಂದಕ್ಕೆ ಮಾತ್ರ ಮೂರು ದಿನ ಹೊಟ್ಟೆನೋವು.