ಫೋನು ತಣ್ಣಗಾಗುವ ತನಕ

"ಮೇಡಂ, ನನ್ನ ಫೋನಿಗೆ ಜ್ವರ ಬಂದಿದೆ."

ಹೆಡ್‌ಸೆಟ್ಟಿನಲ್ಲಿ ಬಂದ ಗಂಡುದನಿ ಗಂಭೀರವಾಗಿತ್ತು. ಕಸ್ಟಮರ್ ಕೇರ್‌ನಲ್ಲಿ ಕೂತವರಿಗೆ ಕಿರುಚುವವರು, ಅಳುವವರು, ಏಳು ತಲೆಮಾರು ಸೇರಿಸಿ ಬೈಯುವವರು ಎಲ್ಲರೂ ಸಿಗುತ್ತಾರೆ. ರೋಗಿಯ ಮನೆಯವರಂತೆ ಹೀಗೆ ಫೋನಿನ ಪರವಾಗಿ ಮಾತಾಡುವವರು ಅಪರೂಪ. ಅವಳಿಗೆ ನಗು ಬಂತು. ಆದರೆ ಕಚೇರಿಯಲ್ಲಿ ಅವಳಿಗೆ 'ಫ್ರಿಜ್' ಎಂದು ಅಡ್ಡಹೆಸರು. ಯಾರು ಬೈದರೂ ಬಿಸಿಯಾಗದವಳು, ಯಾರು ನಗಿಸಿದರೂ ಕರಗದವಳು. ಆ ಹೆಸರನ್ನು ಉಳಿಸಿಕೊಳ್ಳಲು ತುಟಿ ಕಚ್ಚಿಕೊಂಡಳು.

"ಯಾವಾಗಿಂದ ಸರ್?"

"ನೆನ್ನೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಅವಾಗಿಂದ ಕೈಯಲ್ಲಿ ಹಿಡಿಯೋಕಾಗ್ತಿಲ್ಲ. ಕಾದು ಕಾದು ತಾನಾಗೇ ಆಫ್ ಆಗುತ್ತೆ, ತಣ್ಣಗಾದ್ಮೇಲೆ ತಾನಾಗೇ ಏಳುತ್ತೆ. ಫ್ರಿಜ್‌ನಲ್ಲಿ ಇಡಲಾ?"

ಈ ಸಲ ನಗು ಹೊರಗೆ ಬಂದೇಬಿಟ್ಟಿತು. ಪಕ್ಕದ ಸೀಟಿನವಳು ಕುರ್ಚಿ ತಿರುಗಿಸಿ ನೋಡಿದಳು.

"ನಗ್ತಿದೀರಾ ಮೇಡಂ?"

"ಇಲ್ಲ ಸರ್."

"ಸರಿ ಬಿಡಿ. ಲೈನಲ್ಲೇನೋ ಶಬ್ದ ಇರ್ಬೇಕು."

ಅವಳು ಸಾವರಿಸಿಕೊಂಡು ಕೆಲಸಕ್ಕಿಳಿದಳು. ಕವರ್ ತೆಗೆಸಿದಳು, ಬೇಡದ ಆ್ಯಪ್‌ಗಳನ್ನು ಮುಚ್ಚಿಸಿದಳು, ಚಾರ್ಜಿಗೆ ಹಾಕಿಕೊಂಡು ಮಾತಾಡಬಾರದು ಎಂದಳು. ಅಪ್‌ಡೇಟ್ ಆದಮೇಲೆ ಫೋನು ತನ್ನೊಳಗಿನ ಫೋಟೋ, ಆ್ಯಪ್ ಎಲ್ಲವನ್ನೂ ಹೊಸದಾಗಿ ಜೋಡಿಸಿಕೊಳ್ಳುತ್ತದೆ, ಅದು ಮುಗಿಯುವವರೆಗೆ ಬಿಸಿ ಇರುವುದೇ, ನಡುವೆ ಆಫ್ ಆದಷ್ಟೂ ಕೆಲಸ ಹಿಂದೆ ಬೀಳುತ್ತದೆ ಎಂದು ವಿವರಿಸಿದಳು. ಎರಡು ಮೂರು ದಿನ ಫ್ಯಾನಿನ ಕೆಳಗೆ ಸುಮ್ಮನೆ ಬಿಟ್ಟರೆ ಸರಿಹೋಗುತ್ತಿತ್ತು.

"ಸುಮ್ಮನೆ ಬಿಡೋ ಹಾಗಿಲ್ಲ ಮೇಡಂ. ನಾನು ಲಿಫ್ಟ್ ಮೆಕ್ಯಾನಿಕ್. ಯಾವ ಲಿಫ್ಟ್ ನಿಂತ್ರೂ ಒಳಗಿರೋರು ಇದೇ ನಂಬರಿಗೆ ಮಾಡ್ತಾರೆ. ಅವರಿಗೆ ಮೊದಲು ಬೇಕಾಗೋದು ನನ್ನ ಸ್ಪ್ಯಾನರ್ ಅಲ್ಲ, ಒಂದು ಮಾತು. ನಾನು ಹೋಗಿ ಬಾಗಿಲು ತೆಗೆಯೋ ತನಕ ಏನಾದ್ರೂ ಮಾತಾಡ್ತಾ ಇರ್ತೀನಿ."

"ಏನು ಮಾತಾಡ್ತೀರಿ?"

ಇದು ಅವಳು ಕೇಳಬೇಕಾದ ಪ್ರಶ್ನೆಗಳಲ್ಲಿ ಇರಲಿಲ್ಲ.

"ಏನು ಅಡುಗೆ ಅಂತ ಕೇಳ್ತೀನಿ. ಹೆದರಿದೋರಿಗೂ ಅದಕ್ಕೆ ಉತ್ತರ ಗೊತ್ತಿರುತ್ತೆ."

ಅಷ್ಟು ಹೇಳುವುದರೊಳಗೆ ಅವನ ಫೋನು ಕಾದು ಸತ್ತಿತು. ಅವಳು ಖಾಲಿ ಲೈನನ್ನು ಸ್ವಲ್ಪ ಹೊತ್ತು ಕೇಳುತ್ತಾ ಕೂತಳು.

ಅವರ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ತೊಂದರೆಯನ್ನು ಮೊದಲು ಕೇಳಿಸಿಕೊಂಡವರೇ ಅದು ಬಗೆಹರಿಯುವವರೆಗೆ ನೋಡಿಕೊಳ್ಳಬೇಕು. ಕೇಸು ಮುಚ್ಚುವ ತನಕ ಆ ಗ್ರಾಹಕನ ಕರೆ ಬೇರೆ ಯಾರಿಗೂ ಹೋಗುವುದಿಲ್ಲ. ಹೀಗಾಗಿ ಮರುದಿನ ಅವನು ಅವಳಿಗೇ ಸಿಕ್ಕ. ಅದರ ಮರುದಿನವೂ ಸಿಕ್ಕ.

ಒಮ್ಮೆ ಟೆರೇಸಿನ ಮೋಟಾರು ಕೋಣೆಯಿಂದ ಮಾಡಿದ. ಹಿಂದೆ ಮೋಟಾರು ಗೊರಗುಟ್ಟುತ್ತಿತ್ತು. ಒಮ್ಮೆ ಬಸ್‌ಸ್ಟ್ಯಾಂಡಿನ ಎದುರು ಕನ್ನಡಕದ ಅಂಗಡಿ ಇರುವ ಹಳೇ ಕಟ್ಟಡದ ಮೆಟ್ಟಿಲ ಮೇಲೆ ಕೂತು ಮಾಡಿದ. ಅಲ್ಲಿಯ ಲಿಫ್ಟು ಪ್ರತಿ ಮಹಡಿಯಲ್ಲೂ ಮುದುಕಿಯ ಹಾಗೆ ನಿಟ್ಟುಸಿರು ಬಿಡುತ್ತದೆ ಎಂದ. ಅವಳು "ಈಗ ಬಿಸಿ ಹೇಗಿದೆ ಸರ್?" ಎಂದರೆ ಅವನು "ಫೋನಿಂದಾ, ನಂದಾ?" ಎನ್ನುವನು. ಅವಳು ಗದರುವವಳಂತೆ "ಸರ್" ಎನ್ನುವಳು. ಆಮೇಲೆ ಇಬ್ಬರೂ ಸುಮ್ಮನಾಗುವರು. ಆ ಮೌನದಲ್ಲಿ ಅವನ ಉಸಿರು ಕೇಳಿಸುತ್ತಿತ್ತು, ತನ್ನದೂ ಅವನಿಗೆ ಕೇಳಿಸುತ್ತಿರಬಹುದು ಎಂದು ಅವಳು ಮೈಕನ್ನು ತುಸು ದೂರ ಸರಿಸುವಳು. ಮತ್ತೆ ತಾನೇ ಹತ್ತಿರಕ್ಕೆ ಎಳೆದುಕೊಳ್ಳುವಳು.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಾ ಅವಳನ್ನೇ ನೋಡಿದಳು. "ಏನೇ, ಮುಖ ಹೀಗಿದೆ?"

"ಹೇಗಿದೆ?"

"ಆಫೀಸಿಂದ ಬಂದ ಹಾಗಿಲ್ಲ."

ಅವಳು ಅಕ್ಕನ ಕೈಯಿಂದ ಟವೆಲ್ ಕಿತ್ತುಕೊಂಡು ತಾನೇ ಮಡಚತೊಡಗಿದಳು.

ಅವಳ ಎದೆಯಲ್ಲಿ ಒಂದು ಮುಳ್ಳೂ ಕೂತಿತ್ತು. ತುರ್ತು ಕರೆ ಬರುವ ಫೋನಾದರೆ ಸಿಮ್ ಕಾರ್ಡನ್ನು ಸದ್ಯಕ್ಕೆ ಬೇರೊಂದು ಫೋನಿಗೆ ಹಾಕಿಕೊಳ್ಳಿ ಎಂದು ಹೇಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಬಾಯಿಪಾಠವಾಗಿರುವ ಮಾತು ಅದು. ಮೊದಲ ದಿನ ಹೇಳುವಷ್ಟರಲ್ಲಿ ಲೈನ್ ಕಡಿದಿತ್ತು, ಸರಿ. ಎರಡನೇ ದಿನ ಆ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ಯಾವುದೋ ಹಳೇ ಫೋನಿಗೆ ಸಿಮ್ ಹಾಕಿಕೊಳ್ಳುತ್ತಾನೆ, ಇದನ್ನು ಫ್ಯಾನಿನ ಕೆಳಗೆ ಬಿಡುತ್ತಾನೆ, ಅದು ಸರಿಹೋಗುತ್ತದೆ, ಕೇಸು ಮುಚ್ಚುತ್ತದೆ. ನಾಳೆ ಹೇಳಿದರಾಯಿತು ಎಂದು ಆ ಮಾತನ್ನು ನುಂಗಿದಳು. ಮೂರನೇ ದಿನವೂ ನುಂಗಿದಳು. ಪ್ರೀತಿ ಹುಟ್ಟುವಾಗ ಮನುಷ್ಯರು ಎಷ್ಟು ಸಣ್ಣವರಾಗಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದಿನ ಕರೆ ಮರುದಿನ ಬಂತು.

"ಮೇಡಂ, ನಾನೇ." ದನಿ ಕುಗ್ಗಿತ್ತು. "ನೆನ್ನೆ ಸಂಜೆ ಆ ಕನ್ನಡಕದ ಅಂಗಡಿ ಬಿಲ್ಡಿಂಗಲ್ಲಿ ಕರೆಂಟ್ ಹೋಗಿದೆ. ಒಬ್ಬರು ರಿಟೈರ್ಡ್ ಟೀಚರ್ ಲಿಫ್ಟಲ್ಲಿ ಸಿಕ್ಕಿಕೊಂಡಿದಾರೆ. ನನ್ನ ನಂಬರಿಗೆ ಮೇಲಿಂದ ಮೇಲೆ ಮಾಡಿದಾರೆ. ಫೋನು ಆಫ್ ಆಗಿತ್ತು. ಅದು ತಣ್ಣಗಾಗಿ ಎದ್ದಮೇಲೆ ನೋಡ್ಕೊಂಡು ಓಡಿದೆ."

"ಹೇಗಿದಾರೆ?"

"ಏನೂ ಆಗಿಲ್ಲ. ಆಗಿಲ್ಲ ಅಂದ್ರೆ, ನಾನು ಬಾಗಿಲು ತೆಗೆದಾಗ ನೆಲದ ಮೇಲೆ ಕೂತಿದ್ರು. ಕೈಕಾಲೆಲ್ಲ ನಡುಗ್ತಿತ್ತು. ಕತ್ತಲಲ್ಲಿ ಒಬ್ಬರೇ ಅಷ್ಟು ಹೊತ್ತು. ಈಗ ತಮ್ಮನ ಹಳೇ ಫೋನಿಗೆ ಸಿಮ್ ಹಾಕಿದೀನಿ. ಮೊದಲೇ ಯಾಕೆ ಹೊಳೀಲಿಲ್ವೋ. ನನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ."

ಅವಳು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಅವನು ತನ್ನನ್ನೇ ಬೈದುಕೊಂಡು, ನಾಲ್ಕು ದಿನ ಕೊರಗಿ, ಮತ್ತೆ ಎಂದಿನಂತೆ ತಮಾಷೆಗೆ ತಿರುಗುತ್ತಿದ್ದ. ಅವಳು ಸಮಾಧಾನ ಹೇಳಬಹುದಿತ್ತು, ಸಮಾಧಾನ ಹೇಳುತ್ತಾ ಇನ್ನೂ ಹತ್ತಿರವಾಗಬಹುದಿತ್ತು. ಆ ದಾರಿ ಅವಳ ಕಣ್ಣೆದುರಿಗೇ ಇತ್ತು. ಗಾಜಿನಾಚೆ ಟೀಮ್ ಲೀಡರ್ ಕಾಫಿ ಕುಡಿಯುತ್ತಿದ್ದರು. ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಹೊಳೀಬೇಕಾಗಿದ್ದು ನಿಮಗಲ್ಲ," ಎಂದಳು. "ಸಿಮ್ ಬದಲಾಯಿಸಿ ಅಂತ ನಾನು ಹೇಳ್ಬೇಕಿತ್ತು. ನಂಗೆ ಗೊತ್ತಿತ್ತು. ಬೇಕಂತಲೇ ಹೇಳ್ಲಿಲ್ಲ."

"ಅರ್ಥ ಆಗ್ಲಿಲ್ಲ."

"ಹೇಳಿದ್ರೆ ನೀವು ಮತ್ತೆ ಫೋನ್ ಮಾಡ್ತಿರ್ಲಿಲ್ಲ."

ಆ ಕಡೆ ಯಾವುದೋ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಅವಳು ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ಪ್ರೀತಿಯ ಮಾತು ಹೇಳಿದ್ದಳು, ಅದೂ ಹೀಗೆ, ತಪ್ಪೊಪ್ಪಿಗೆಯ ರೂಪದಲ್ಲಿ. ಕಣ್ಣು ತುಂಬಿಕೊಂಡಿತು.

"ಕೇಸ್ ಮುಚ್ಚಿಬಿಡಿ ಮೇಡಂ," ಎಂದ ಅವನು ಕೊನೆಗೆ. ಲೈನ್ ಕಡಿಯಿತು.

ಅವಳು ಕೇಸು ಮುಚ್ಚಿದಳು. ಎದ್ದು ಹೋಗಿ ಟೀಮ್ ಲೀಡರ್‌ಗೂ ಎಲ್ಲ ಹೇಳಿದಳು. ಅವರು ರೆಕಾರ್ಡಿಂಗ್ ಕೇಳಿದರು, ಕನ್ನಡಕ ತೆಗೆದು ಒರೆಸಿದರು, "ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ" ಎಂದರು. ಕೆಲಸ ಉಳಿಯಿತು. ಹೆಡ್‌ಸೆಟ್ ಹೋಯಿತು. ಮೂಲೆಯ ಮೇಜಿನಲ್ಲಿ ಕೂತು ಇಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸ ಕೊಟ್ಟರು. ಫೋನು ಬಿಸಿಯಾಗುತ್ತಿದೆ ಎಂದು ಬರೆದವರಿಗೆಲ್ಲ ಅವಳು ಉತ್ತರದ ಮೊದಲ ಸಾಲಿನಲ್ಲೇ ಸಿಮ್ ಕಾರ್ಡಿನ ವಿಷಯ ಬರೆದಳು.

ಅವನ ಫೋನು ಈಗ ತಣ್ಣಗಾಗಿರಬೇಕು ಎಂದುಕೊಳ್ಳುವಳು. ಬಸ್ಸಿನಲ್ಲಿ ಯಾರಾದರೂ ಗಟ್ಟಿಯಾಗಿ ಫೋನಿನಲ್ಲಿ ಮಾತಾಡಿದರೆ ಕಿವಿ ತಾನಾಗಿ ಅತ್ತ ತಿರುಗುವುದು. ಅವನ ದನಿಯಲ್ಲ ಎಂದು ಗೊತ್ತಾದಮೇಲೂ ಅವರು ಇಳಿಯುವವರೆಗೆ ಕೇಳುವಳು. ಮುಖ ನೋಡದವರ ನೆನಪಾದರೆ ಕಣ್ಣು ಮುಚ್ಚಿಕೊಂಡೂ ಪ್ರಯೋಜನವಿಲ್ಲ, ಏನೂ ಕಾಣಿಸುವುದಿಲ್ಲ. ಬರೀ ದನಿ.

ಒಂದು ರಾತ್ರಿ ಊಟಕ್ಕೆ ಕೂತಾಗ ಅಳು ಬಂದು ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ತಬ್ಬಿಕೊಳ್ಳಲಿಲ್ಲ. ತಟ್ಟೆಯನ್ನು ಅವಳ ಕಡೆ ತಳ್ಳಿ, "ನೀನು ಅಳ್ತಿರೋದು ಅವನು ಹೋದ ಅಂತ," ಎಂದಳು. "ಕತ್ತಲಲ್ಲಿ ಕೂತಿದ್ದು ಆ ಅಮ್ಮ. ಅವರ ಹತ್ರ ಹೋಗಿದ್ಯಾ?"

ಅವಳು ಹೋಗಿರಲಿಲ್ಲ. ಭಾನುವಾರ ಸಂಜೆ ಹೋದಳು.

ಕನ್ನಡಕದ ಅಂಗಡಿಯ ಪಕ್ಕದಲ್ಲಿ ಕಟ್ಟಡದ ಬಾಗಿಲು. ಅಂಗಡಿಯವರನ್ನು ಕೇಳಿ ಟೀಚರ ಮನೆ ಯಾವುದೆಂದು ತಿಳಿದುಕೊಂಡಳು. ಲಿಫ್ಟನ್ನು ನೋಡಿದಳು, ಹತ್ತಲು ಮನಸ್ಸಾಗಲಿಲ್ಲ. ಮೆಟ್ಟಿಲು ಹತ್ತಿ ಮೇಲಿನ ಮಹಡಿ ತಲುಪುವಷ್ಟರಲ್ಲಿ ಏದುಸಿರು ಬಂದಿತ್ತು. ಬಾಗಿಲು ತೆಗೆದ ಟೀಚರ್ ಸಣ್ಣ ಆಳು. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿದ್ದರು. ಎರಡೂ ಮಂಡಿಗೆ ಪಟ್ಟಿ ಸುತ್ತಿದ್ದರು. ಹೊಸ್ತಿಲಲ್ಲೇ ನಿಂತು ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದಳು, ಯಾಕೆ ಹಾಗೆ ಮಾಡಿದೆ ಎಂಬುದನ್ನೂ.

ಟೀಚರ್ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಾನು ಆವತ್ತು ಎಷ್ಟು ಸಲ ನಂಬರ್ ಒತ್ತಿದೀನೋ. ಪ್ರತಿ ಸಲ ಒಬ್ಬಳು ಬಂದು 'ಸ್ವಿಚ್ ಆಫ್ ಆಗಿದೆ' ಅಂತಿದ್ಳು. ಅವಳನ್ನೇ ಬೈದೆ, ಪಾಪ. ಬೈಸಿಕೋಬೇಕಾಗಿದ್ದವಳು ನೀನು."

"ಈಗ ಬೈಯ್ರಿ ಅಮ್ಮ."

"ಈಗ ಬಾಯಿ ಬರಲ್ಲ. ಒಳಗೆ ಬಾ." ಅವಳಿಗೆ ನೀರು ಕೊಟ್ಟು ಎದುರಿಗೆ ಕೂತರು. "ನೀನು ಹೇಳದೆ ಇದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಇಲ್ಲ."

"ಹ್ಞೂಂ." ಟೀಚರ್ ತಮ್ಮ ಮಂಡಿ ಸವರಿಕೊಂಡರು. "ನಾನು ಅವತ್ತಿಂದ ಕೆಳಗೆ ಇಳಿದಿಲ್ಲ. ಮೆಟ್ಟಿಲು ಇಳಿಯೋಕೆ ಕಾಲು ಬಿಡಲ್ಲ, ಲಿಫ್ಟ್ ಹತ್ತೋಕೆ ಜೀವ ಬಿಡಲ್ಲ. ಆ ಹುಡುಗ ದಿನಾ ಸಾಯಂಕಾಲ ಬಂದು ಕರೀತಾನೆ. ಬಾಗಿಲವರೆಗೂ ಹೋಗಿ ವಾಪಸ್ ಬರ್ತೀನಿ."

ಆ ಹುಡುಗ ಎಂದರೆ ಯಾರು ಎಂದು ಕೇಳಬೇಕಾಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

"ಟೀಚರಮ್ಮ, ಇವತ್ತು ಏನು ಅಡುಗೆ?"

ಅವಳು ಲೋಟವನ್ನು ಕೆಳಗಿಟ್ಟಳು. ಒಳಗೆ ಬಂದವನು ಉದ್ದನೆಯ ಆಳು, ಹೆಗಲಿಗೆ ಟೂಲ್ ಬ್ಯಾಗ್, ಮೊಣಕೈಗೆ ಗ್ರೀಸು. ಅವಳನ್ನು ನೋಡಿ ಯಾರೋ ನೆಂಟರೆಂದು ತಲೆಯಾಡಿಸಿದ. ದನಿಗಿಂತ ಮುಖ ವಯಸ್ಸಾದಂತಿತ್ತು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಗೆರೆಗಳಿದ್ದವು. ಇಷ್ಟು ದಿನ ಏನೂ ಕಾಣದೆ ಕಣ್ಣು ಮುಚ್ಚಿದವಳು ಈಗ ರೆಪ್ಪೆ ಮಿಟುಕಿಸದೆ ನೋಡಿದಳು.

"ನಮಸ್ಕಾರ ಸರ್," ಎಂದಳು.

ಅವನು ಬ್ಯಾಗ್ ಇಳಿಸುತ್ತಿದ್ದವನು ಅರ್ಧಕ್ಕೇ ನಿಂತ. ಅವಳ ಮುಖ ನೋಡಿದ, ಕಣ್ಣು ಕೆಳಗಿಳಿಸಿದ, ಮತ್ತೆ ನೋಡಿದ. ಗುರುತಿಗೆ ಬೇರೇನೂ ಬೇಕಾಗಲಿಲ್ಲ.

"ಎಲ್ಲ ಹೇಳಿದ್ಳಪ್ಪ," ಎಂದರು ಟೀಚರ್ ಗೋಡೆ ಹಿಡಿದು ಏಳುತ್ತಾ. "ನಡಿ, ಇವತ್ತು ಇಳಿಯೋಣ. ಇವಳೂ ಬರ್ಲಿ. ಹೆದರಿಸಿದವಳು ಪಕ್ಕದಲ್ಲೇ ನಿಂತ್ಕೊಳ್ಳಲಿ."

ಲಿಫ್ಟು ಮೂವರಿಗೇ ಇಕ್ಕಟ್ಟು. ಟೀಚರ್ ನಡುವೆ ನಿಂತು ಒಂದು ಕೈಯಲ್ಲಿ ಅವನ ತೋಳನ್ನೂ ಇನ್ನೊಂದರಲ್ಲಿ ಅವಳ ಮಣಿಕಟ್ಟನ್ನೂ ಹಿಡಿದರು. ಬಾಗಿಲು ಮುಚ್ಚಿತು. ಟೀಚರ ಉಗುರುಗಳು ಅವಳ ಚರ್ಮಕ್ಕೆ ಒತ್ತಿದವು.

"ಮಾತಾಡೋ. ಸುಮ್ಮನಿದ್ರೆ ನಂಗೆ ಭಯ."

ಅವನು ಬಾಯಿ ತೆರೆದ, ಮಾತು ಹೊರಡಲಿಲ್ಲ. ಎಷ್ಟೋ ಜನರನ್ನು ಮಾತಿನಲ್ಲೇ ಹಿಡಿದು ನಿಲ್ಲಿಸಿದವನು ಲಿಫ್ಟಿನ ಗುಂಡಿಗಳನ್ನು ನೋಡುತ್ತಾ ನಿಂತ. ಟೀಚರ ಉಸಿರು ಬಿಗಿಯತೊಡಗಿತು.

"ಈಗ ಇಳೀತಿದೀವಿ ಅಮ್ಮ," ಎಂದಳು ಅವಳು. "ಇದು ನಿಧಾನ, ಅಷ್ಟೇ. ಲೈಟ್ ಇದೆ, ಫ್ಯಾನ್ ತಿರುಗ್ತಿದೆ. ನಾವಿಬ್ಬರೂ ಇದೀವಿ. ಈಗ ಒಂದು ನಿಟ್ಟುಸಿರು ಬಿಡುತ್ತೆ ನೋಡಿ, ಹೆದರ್ಕೋಬೇಡಿ, ಅದರ ಅಭ್ಯಾಸ." ಲಿಫ್ಟು ಉಸ್ಸೆಂದಿತು. ಟೀಚರ್ ಅಳುವಂತೆ ನಕ್ಕರು. ಅವಳು ಒಂದೊಂದೇ ಮಹಡಿ ಹೇಳುತ್ತಾ ಹೋದಳು. ಅವನು ಟೀಚರ ತಲೆಯ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ಒಮ್ಮೆ ಆ ನೋಟಕ್ಕೆ ಸಿಕ್ಕಿ ಮಹಡಿಯ ಲೆಕ್ಕ ತಪ್ಪಿದಳು, ಟೀಚರ್ ತಿದ್ದಿದರು.

ಕೆಳಗೆ ಬಾಗಿಲು ತೆರೆದಾಗ ಟೀಚರ್ ಇಬ್ಬರ ಕೈಯನ್ನೂ ಬಿಟ್ಟು ಹೊರಗೆ ಹೋದರು. ರಸ್ತೆಯ ಬೆಳಕಿಗೆ ಮುಖ ಒಡ್ಡಿ ನಿಂತರು. ಇವರಿಬ್ಬರೂ ಲಿಫ್ಟಿನ ಒಳಗೇ ಉಳಿದರು.

"ಫೋನು ಸರಿಹೋಯ್ತು," ಎಂದ ಅವನು. "ಮಾಡೋಕೆ ಕಾರಣ ಇರ್ಲಿಲ್ಲ."

"ಕಾರಣ ಇಲ್ದೆ ಮಾಡಬಹುದಿತ್ತು."

"ಮಾಡಿದೆ. ಬೇರೆ ಯಾರೋ ಎತ್ತಿದ್ರು. ಕೇಸ್ ನಂಬರ್ ಏನು ಅಂದ್ರು. ಇಟ್ಟೆ." ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದ. "ಇನ್ನೊಂದು ಸಲ ಮಾಡಿದೆ. ಮತ್ತೆ ಬೇರೆಯವರು."

ಅವಳು ಅವನ ಕೈಯಿಂದ ಫೋನು ತೆಗೆದುಕೊಂಡು ತನ್ನ ಸ್ವಂತ ನಂಬರನ್ನು ಒತ್ತಿದಳು. ಹೆಸರಿನ ಜಾಗವನ್ನು ಖಾಲಿ ಬಿಟ್ಟು ವಾಪಸ್ ಕೊಟ್ಟಳು.

"ನಂಗೆ ಇನ್ನೂ ಕೋಪ ಇದೆ," ಎಂದ ಅವನು. "ರಾತ್ರಿ ಎಚ್ಚರ ಆದಾಗೆಲ್ಲ ಆ ಲಿಫ್ಟಿನ ನೆಲ ಕಾಣಿಸುತ್ತೆ."

"ನಂಗೂ."

"ಅದನ್ನೆಲ್ಲ ಇದೇ ನಂಬರಿಗೆ ಹೇಳ್ತೀನಿ. ಕೇಳ್ಬೇಕು."

"ಎಷ್ಟು ಹೊತ್ತಾದ್ರೂ ಕೇಳ್ತೀನಿ," ಎಂದಳು ಅವಳು.

ಅವನು ಹೆಸರಿನ ಜಾಗದಲ್ಲಿ ಏನೋ ಬರೆದ. ಏನೆಂದು ತೋರಿಸಲಿಲ್ಲ, ಅವಳು ಕೇಳಲಿಲ್ಲ. ಹೊರಗಿನಿಂದ ಟೀಚರ್ ಕೂಗಿದರು, "ಒಬ್ಬರಾದ್ರೂ ಬರ್ತೀರಾ? ರಸ್ತೆ ದಾಟ್ಬೇಕು." ಇಬ್ಬರೂ ಹೋದರು.